ಔಷಧಪ್ರೇರಿತ ಹೃದಯಪರೀಕ್ಷೆ: ರೋಗಿಯು ಅರಿತಿರಬೇಕಾದ ಸಂಗತಿಗಳು

ವೈದ್ಯವಿಷಯವೊಂದನ್ನು ಕುರಿತು ಇತಿಹಾಸದ ಅಧ್ಯಾಪಕನು ಬರೆಯುವುದು ಉಚಿತವೇ ಎಂಬ ಪ್ರಶ್ನೆ ಏಳಬಹುದು. ವೈದ್ಯವಿಧಾನಗಳಿಗೂ ಚರಿತ್ರೆಯುಂಟು, ಅದನ್ನರಿತ ರೋಗಿಗೆ ಅಂಜಿಕೆಯು ಕೊಂಚ ಕಡಮೆಯಾಗುವುದೂ ಉಂಟು.

ವಿಶ್ರಾಂತಿಯಲ್ಲಿ ಅಡಗಿರುವ ಹೃದಯದ ಕುಂದು ದುಡಿಮೆಯಲ್ಲಿ ಹೊರಬೀಳುವುದೆಂಬ ತತ್ತ್ವವನ್ನನುಸರಿಸಿ, 1929ರಲ್ಲಿ ನ್ಯೂಯಾರ್ಕಿನ ವೈದ್ಯ ಆರ್ಥರ್ ಮಾಸ್ಟರ್ ತನ್ನ ಸಹೋದ್ಯೋಗಿಯೊಡನೆ ಮೆಟ್ಟಿಲು ಹತ್ತಿಳಿಯುವ ಪರೀಕ್ಷೆಯೊಂದನ್ನು ಪ್ರಕಟಿಸಿದನು. ಅದೇ ವರ್ಷ ಡ್ರೂರಿ ಮತ್ತು ಸೆಂಟ್-ಜ್ಯೋರ್ಜಿ ಎಂಬವರು, ನಮ್ಮ ದೇಹದಲ್ಲಿಯೇ ಹುಟ್ಟುವ ಅಡಿನೋಸಿನ್ ಹೃದಯದ ಮೇಲೆ ಬೀರುವ ಪ್ರಭಾವವನ್ನು ವಿವರಿಸಿದರು. ಒಂದನ್ನೊಂದು ಅರಿಯದ ಈ ಎರಡು ಶೋಧನೆಗಳು ದಶಕಗಳ ಅನಂತರ ಒಂದೇ ಪರೀಕ್ಷೆಯಲ್ಲಿ ಸಂಧಿಸಿದುವು. ಮಂಡಿನೋವು, ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಟ್ರೆಡ್‌ಮಿಲ್ಲಿನ ಮೇಲೆ ನಡೆಯಲಾರದವರಿಗೆ ಇಂದು ಔಷಧವೇ ನಡಿಗೆಯ ಸ್ಥಾನದಲ್ಲಿ ನಿಲ್ಲುತ್ತದೆ.

ರೋಗಿಯನ್ನು ಮಲಗಿಸಿ, ಎದೆಗೆ ಇ.ಸಿ.ಜಿ. ತಂತಿಗಳನ್ನೂ ತೋಳಿಗೆ ಒತ್ತಡಮಾಪಕವನ್ನೂ ಕಟ್ಟಿ, ರಕ್ತನಾಳದ ಮೂಲಕ ಔಷಧವನ್ನು ಹರಿಸುವರು. ಡೊಬುಟಮಿನ್ ಆದರೆ ಮೂರು ಮೂರು ನಿಮಿಷಕ್ಕೆ ಪ್ರಮಾಣವನ್ನೇರಿಸುತ್ತ, 220ರಲ್ಲಿ ವಯಸ್ಸನ್ನು ಕಳೆದುಳಿದ ಸಂಖ್ಯೆಯ ಶೇಕಡ 85ರಷ್ಟು ನಾಡಿ ಏರುವವರೆಗೆ ನಡೆಸುವುದು ವಾಡಿಕೆ. ಅರುವತ್ತು ವರ್ಷದವರಿಗೆ ಇದು ನಿಮಿಷಕ್ಕೆ 136 ಆಗುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು ಸಾಮಾನ್ಯ. ಅಡಿನೋಸಿನ್ ಹೃದಯದ ಧಮನಿಗಳನ್ನು ಹಿಗ್ಗಿಸುತ್ತದೆ. ಕಿರಿದಾದ ಧಮನಿಯಲ್ಲಿ ರಕ್ತಪ್ರವಾಹವು ಉಳಿದವುಗಳಷ್ಟು ಹೆಚ್ಚಲಾರದೆ, ಆ ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ. ಆಗ ಮುಖ ಬಿಸಿಯೇರಿ, ಎದೆ ಬಿಗಿದು, ಉಸಿರು ಸಾಲದಂತಾಗಬಹುದು. ಈ ಬಿಗಿತವೊಂದೇ ಹೃದ್ರೋಗದ ಲಕ್ಷಣವಲ್ಲ. ಅಡಿನೋಸಿನ್ ರಕ್ತದಲ್ಲಿ ಉಳಿಯುವುದು ಕೆಲವೇ ಸೆಕೆಂಡುಗಳಾದುದರಿಂದ, ಹರಿವನ್ನು ನಿಲ್ಲಿಸಿದೊಡನೆ ಬಾಧೆಯು ಬೇಗನೆ ಇಳಿಯುತ್ತದೆ. ಹಾಗೆಂದು ನೋವನ್ನು ನುಂಗಿಕೊಂಡು ಮಲಗುವುದು ಧೈರ್ಯವಲ್ಲ, ಅವಿವೇಕ. ಅಪಾಯವು ವಿರಳವೇ ಹೊರತು ಇಲ್ಲವೇ ಇಲ್ಲವೆನ್ನುವಂತಿಲ್ಲ. ಆದುದರಿಂದ ಅನುಭವವಾದುದೆಲ್ಲವನ್ನೂ ಒಡನೆಯೇ ಹೇಳತಕ್ಕದ್ದು. ಆಸ್ತಮಾ ಉಳ್ಳವರು ಅದನ್ನು ಮೊದಲೇ ತಿಳಿಸಬೇಕು, ಅವರಿಗೆ ಅಡಿನೋಸಿನ್ ಶ್ವಾಸನಾಳಗಳನ್ನು ಬಿಗಿಯಬಲ್ಲುದು. ನಿತ್ಯದ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಬಿಡಬಾರದು.

ಇನ್ನು ಕಾಫಿಯ ಮಾತು. ಚಿಕ್ಕಮಗಳೂರಿನ ನೆರೆಯ ನಮಗೆ ಇದು ಕಠಿನವ್ರತವೇ ಸರಿ. ಆದರೆ ಕೆಫೀನ್ ಅಡಿನೋಸಿನ್ನಿನ ಕಾರ್ಯವನ್ನು ತಡೆಯುತ್ತದೆ. ಬೆಳಗಿನ ಒಂದು ಲೋಟ ಕಾಫಿಯಿಂದ ಇರುವ ರೋಗವು ಚಿತ್ರದಲ್ಲಿ ಮರೆಯಾಗಿ, ರೋಗಿಯು ಆರೋಗ್ಯವಂತನೆಂಬ ಸುಳ್ಳುವರದಿಯೊಡನೆ ಮನೆಗೆ ಮರಳಬಹುದು. ಆದಕಾರಣ 12ರಿಂದ 24 ಗಂಟೆಗಳ ಕಾಲ ಕಾಫಿ, ಚಹಾ, ಕೋಲಾ, ಚಾಕೊಲೇಟುಗಳನ್ನು ವರ್ಜಿಸಲು ಹೇಳುವರು. ಕುಡಿದಿದ್ದರೆ ಮರೆಮಾಚದೆ ತಿಳಿಸಿ, ಪರೀಕ್ಷೆಯನ್ನು ಮುಂದೂಡಿಸಿಕೊಳ್ಳುವುದು ಲೇಸು. ಪರೀಕ್ಷೆ ಮುಗಿದ ಮೇಲೆ ಉಳಿಯುವ ತಲೆನೋವಿಗೆ ಕೆಲವೆಡೆ ವೈದ್ಯರು ಆ ಕಾಫಿಯನ್ನೇ ಕೊಡಿಸುವುದೂ ಉಂಟು.