ತಲೆನೋವಿನ ಹಿಂದೆ ಹೆಪ್ಪುಗಟ್ಟಿದ ರಕ್ತ

ಮಿದುಳಿಗೆ ನೋವಿನ ಅರಿವಿಲ್ಲ ಎಂದರೆ ನಿಮ್ಮ ತರಗತಿಯ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಆದರೆ ಅದು ನಿಜ. ತಲೆನೋವಿನಲ್ಲಿ ನೋಯುವುದು ಮಿದುಳಿನ ಹೊದಿಕೆಯ ಪೊರೆಗಳು, ರಕ್ತನಾಳಗಳು, ತಲೆ ಮತ್ತು ಕುತ್ತಿಗೆಯ ಸ್ನಾಯುಗಳು. ಬಹುಪಾಲು ತಲೆನೋವುಗಳಿಂದ ಅಪಾಯವಿಲ್ಲ. ಆದರೆ ವಿರಳವಾಗಿ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದ ತಪ್ಪಿದೆ ಎಂಬುದಕ್ಕೆ ತಲೆನೋವೇ ಮೊದಲ ಸುಳಿವಾಗಿರುತ್ತದೆ.

ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು. ನಾಳದೊಳಗೆ ಹರಿಯುವಾಗ ಹೆಪ್ಪುಗಟ್ಟಬಾರದು. ಥ್ರಾಂಬಿನ್ ಎಂಬ ಎಂಜೈಮು ಫೈಬ್ರಿನೋಜೆನ್ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಆ ಎಳೆಗಳ ಬಲೆ ಬೇಡದ ಕಡೆ ಹರಡದಂತೆ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್‌ಗಳು ತಡೆಯುತ್ತವೆ. ಕೆಲವರಲ್ಲಿ ಈ ತಡೆ ಹುಟ್ಟಿನಿಂದಲೇ ದುರ್ಬಲ. ಇದಕ್ಕೊಂದು ಉದಾಹರಣೆಯನ್ನು 1994ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ವಿಜ್ಞಾನಿಗಳು ವಿವರಿಸಿದರು. ರಕ್ತ ಹೆಪ್ಪುಗಟ್ಟಿಸುವ ಐದನೆಯ ಘಟಕದ 506ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಗ್ಲುಟಮೀನ್ ಇದ್ದರೆ ಪ್ರೋಟೀನ್ ಸಿ ಅದನ್ನು ಸುಲಭವಾಗಿ ಕತ್ತರಿಸಲಾರದು. ಒಂದೇ ಅಮೈನೋ ಆಮ್ಲದ ಅದಲುಬದಲು! ಜೀವಶಾಸ್ತ್ರ ಪಾಠದಲ್ಲಿ ಹೇಳಬಹುದಾದ ಒಳ್ಳೆಯ ನಿದರ್ಶನವಿದು.

ಈಗ ತಲೆಯೊಳಗೆ ನೋಡೋಣ. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಬರುತ್ತದೆ. ತಲೆಬುರುಡೆ ಹಿಗ್ಗದ ಡಬ್ಬಿಯಾದ್ದರಿಂದ ಬಂದಷ್ಟೂ ಹೊರಹೋಗಲೇಬೇಕು. ಹೋಗುವ ದಾರಿ ಹೊರಪೊರೆಯ ಪದರಗಳ ನಡುವಿನ ಸೈನಸ್ ಎಂಬ ಅಗಲ ಕಾಲುವೆಗಳು. (ನೆಗಡಿಯಾದಾಗ ಕಟ್ಟಿಕೊಳ್ಳುವ ಸೈನಸ್ ಬೇರೆ, ಇದು ಬೇರೆ.) ಮಿದುಳು ಮತ್ತು ಮಿದುಳುಬಳ್ಳಿಯನ್ನು ಸುತ್ತುವರಿದ ದ್ರವವೂ ದಿನಕ್ಕೆ ಸುಮಾರು ಅರ್ಧ ಲೀಟರ್ ಉತ್ಪತ್ತಿಯಾಗುತ್ತದೆ, ಅದರ ಗಣನೀಯ ಭಾಗ ಸೇರುವುದು ಇದೇ ಕಾಲುವೆಗಳನ್ನು. ಇಲ್ಲಿ ರಕ್ತ ಹೆಪ್ಪುಗಟ್ಟಿದರೆ ಎರಡಕ್ಕೂ ಅಡ್ಡಿಯಾಗಿ ಒಳಗಿನ ಒತ್ತಡ ಏರುತ್ತದೆ, ಪೊರೆ ಮತ್ತು ನಾಳಗಳು ಜಗ್ಗಿ ನೋಯುತ್ತವೆ. 2004ರಲ್ಲಿ ಪ್ರಕಟವಾದ 624 ರೋಗಿಗಳ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ತಲೆನೋವಿತ್ತು. ಸಾಮಾನ್ಯವಾಗಿ ಈ ನೋವು ದಿನದಿಂದ ದಿನಕ್ಕೆ ಬಲಿಯುತ್ತದೆ. ಮಲಗಿದಾಗ, ಕೆಮ್ಮಿದಾಗ ಹೆಚ್ಚುತ್ತದೆ. ವಾಂತಿ, ದೃಷ್ಟಿ ಮಂಜಾಗುವುದು, ಫಿಟ್ಸ್, ಒಂದು ಪಕ್ಕದ ಕೈಕಾಲು ಸೋಲುವುದು ಜೊತೆಗೂಡಬಹುದು.

ನಮ್ಮಲ್ಲಿ ಈ ಕಾಯಿಲೆ ಹೆಚ್ಚು ಗಮನ ಸೆಳೆದದ್ದು ಬಾಣಂತಿಯರಲ್ಲಿ. ಹೆರಿಗೆಯ ರಕ್ತಸ್ರಾವವನ್ನು ಎದುರಿಸಲೆಂದು ಗರ್ಭಿಣಿಯ ದೇಹ ಹೆಪ್ಪುಗಟ್ಟಿಸುವ ಘಟಕಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಪ್ರೋಟೀನ್ ಎಸ್ ಇಳಿಯುತ್ತದೆ. ಹೆರಿಗೆಯ ನಂತರವೂ ಕೆಲವು ವಾರ ಈ ಸ್ಥಿತಿ ಉಳಿಯುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು. ಸಾಲದೆಂಬಂತೆ, ಶೀತವಾದೀತೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ. ಈ ರೂಢಿಗೆ ವೈದ್ಯಕೀಯ ಸಮರ್ಥನೆ ಏನೂ ಇಲ್ಲ.

ಚಿಕಿತ್ಸೆಯಲ್ಲೊಂದು ವಿರೋಧಾಭಾಸವಿತ್ತು. ಹೊರದಾರಿ ಕಟ್ಟಿ ಹಿಂದೆ ಒತ್ತಡ ಹೆಚ್ಚಿದಾಗ ಸಣ್ಣ ನಾಳಗಳು ಒಡೆದು ಮಿದುಳಿನೊಳಗೆ ರಕ್ತ ಸೋರುವುದುಂಟು. ಅಂಥ ರೋಗಿಗೆ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಕೊಡಬಹುದೆ? 1991ರಲ್ಲಿ ಜರ್ಮನಿಯ ವೈದ್ಯರು 20 ರೋಗಿಗಳ ಮೇಲಿನ ಪರೀಕ್ಷೆಯನ್ನು ವರದಿ ಮಾಡಿದರು. ಹೆಪಾರಿನ್ ಪಡೆದ 10 ಮಂದಿಯಲ್ಲಿ 8 ಮಂದಿ ಪೂರ್ಣ ಗುಣಹೊಂದಿದರು, ಯಾರೂ ಸಾಯಲಿಲ್ಲ. ಪಡೆಯದ 10 ಮಂದಿಯಲ್ಲಿ ಮೂವರು ತೀರಿಕೊಂಡರು. ಸಂಖ್ಯೆ ಚಿಕ್ಕದೇ. ಬಾಣಂತಿಯರಲ್ಲಿ ಹೆಪಾರಿನ್ ಪರೀಕ್ಷಿಸಿದ ಅಧ್ಯಯನವನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1995ರಲ್ಲಿ ಪ್ರಕಟಿಸಿದರು. ಇಂದು ರಕ್ತ ಸೋರಿದ್ದರೂ ಆಸ್ಪತ್ರೆಯ ನಿಗಾದಲ್ಲಿ ಈ ಬಗೆಯ ಔಷಧವೇ ಮೊದಲ ಚಿಕಿತ್ಸೆ.

ಹಾಗಾದರೆ ಅರೆತಲೆನೋವಿಗೂ ಹೆಪ್ಪುಗಟ್ಟುವ ದೋಷಕ್ಕೂ ನಂಟಿದೆಯೆ? ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಿಲ್ಲ. ಅರೆತಲೆನೋವು ಬಹಳ ಸಾಮಾನ್ಯ. ಎರಡೂ ಒಬ್ಬರಲ್ಲೇ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಆದರೆ ನೋವಿಗೆ ಮೊದಲು ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆಗಳು ಕಾಣುವ ಬಗೆಯ ಅರೆತಲೆನೋವಿದ್ದ ಮಹಿಳೆಯರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ಸಲ್ಲದು. ಪಾರ್ಶ್ವವಾಯುವಿನ ಸಂಭವ ಹೆಚ್ಚುತ್ತದೆ.

ಕೊನೆಯದಾಗಿ ಒಂದು ವಿಷಯ. ಸೈನಸ್ಸಿನಲ್ಲಿ ಹೆಪ್ಪುಗಟ್ಟಿದ ರಕ್ತ ಸಾದಾ ಸಿ.ಟಿ. ಸ್ಕ್ಯಾನಿನಲ್ಲಿ ಕಾಣದೇ ಇರಬಹುದು. ಅಭಿಧಮನಿಗಳನ್ನೇ ತೋರಿಸುವ ಸ್ಕ್ಯಾನ್ ಬೇಕು. ಅದನ್ನು ಮಾಡಿಸಬೇಕೆಂದು ವೈದ್ಯರಿಗೆ ಹೊಳೆಯುವುದು ಹಿನ್ನೆಲೆ ತಿಳಿದಾಗ. ಆದ್ದರಿಂದ ಹೆರಿಗೆಯಾಗಿ ಎಷ್ಟು ದಿನವಾಯಿತು, ಯಾವ ಗುಳಿಗೆ ನಡೆಯುತ್ತಿದೆ, ಮನೆಯಲ್ಲಿ ಯಾರಿಗಾದರೂ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.