ಕರಿಮೆಣಸೂ ಕರಾರುಪತ್ರವೂ

ಪಶ್ಚಿಮ ಘಟ್ಟಗಳಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಕಿರಿದಾದ ನೆಲದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಊರುಗಳಿವೆ. ಇವು ಉತ್ತರ ಕನ್ನಡ ಜಿಲ್ಲೆಯ ಮೂರು ತಾಲ್ಲೂಕುಗಳ ಕೇಂದ್ರಗಳು. ಶರಾವತಿ ನದಿಯು ಹೊನ್ನಾವರದ ಬಳಿ ಕಡಲನ್ನು ಕೂಡುತ್ತದೆ. ಅಘನಾಶಿನಿಯು ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರವನ್ನು ಸೇರುತ್ತದೆ. ಈ ಕಣಿವೆಗಳ ಅಡಕೆ ತೋಟಗಳಲ್ಲಿ ಮರಗಳನ್ನು ತಬ್ಬಿಕೊಂಡು ಕರಿಮೆಣಸಿನ ಬಳ್ಳಿಗಳು ಬೆಳೆಯುತ್ತವೆ. ಮಳೆಗಾಲದಲ್ಲಿ ಹೂಕಟ್ಟಿ, ಚಳಿಗಾಲದ ಹೊತ್ತಿಗೆ ಕಾಳು ಬಲಿಯುತ್ತದೆ. ಕೊಯ್ದ ಹಸಿರು ಕಾಳು ಅಂಗಳದ ಬಿಸಿಲಿನಲ್ಲಿ ಒಣಗಿ ಕಪ್ಪಾದಾಗ ಮಾರಾಟಕ್ಕೆ ಸಿದ್ಧವಾಗುತ್ತದೆ.

ಮಳೆ ಕೈಕೊಟ್ಟರೆ, ಇಲ್ಲವೆ ಸೊರಗುರೋಗ ತಗಲಿದರೆ ಬೆಳೆಗಾರನಿಗೆ ನಷ್ಟವಾಗುವುದು ಸಹಜ. ಆದರೆ ಮಳೆ ಚೆನ್ನಾಗಿದ್ದು, ರೋಗವೂ ಇಲ್ಲದೆ, ಬೆಳೆ ಹುಲುಸಾಗಿ ಬಂದ ವರ್ಷದಲ್ಲಿಯೂ ಅವನು ನಷ್ಟಕ್ಕೆ ಗುರಿಯಾಗುವುದುಂಟು. ಕಾಳಿನ ಬೆಲೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅದಕ್ಕೆ ಕಾರಣ ಅವನ ತೋಟದಲ್ಲಿಯೂ ಇರುವುದಿಲ್ಲ, ಊರಿನ ಪೇಟೆಯಲ್ಲಿಯೂ ಇರುವುದಿಲ್ಲ. ದೂರದ ನಗರವೊಂದರಲ್ಲಿ ಎರಡು ದೇಶಗಳ ಪ್ರತಿನಿಧಿಗಳು ಸಹಿ ಹಾಕಿದ ಕರಾರುಪತ್ರದಲ್ಲಿ ಅದು ಅಡಗಿರಬಹುದು. ಹೀಗೆ ದೂರದ ಕಾಗದವೊಂದು ತೋಟದ ಬಳ್ಳಿಯನ್ನು ಮುಟ್ಟುವ ಬಗೆ ಹೇಗೆ? ಈ ಕರಾವಳಿಯ ಐದು ನೂರು ವರ್ಷಗಳ ಇತಿಹಾಸವೇ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ವಾಣಿಜ್ಯ ಒಪ್ಪಂದವೆಂದರೆ, ಯಾವ ಸರಕನ್ನು, ಯಾರಿಗೆ, ಯಾವ ಬಂದರಿನ ಮೂಲಕ, ಎಷ್ಟು ಸುಂಕ ತೆತ್ತು ಮಾರಬಹುದು ಎಂಬುದನ್ನು ಕುರಿತು ರಾಜ್ಯಗಳು ಪರಸ್ಪರ ಮಾಡಿಕೊಳ್ಳುವ ಕರಾರು. ಸಮಾನರ ನಡುವೆ ಮನಃಪೂರ್ವಕವಾಗಿ ಆದ ಒಪ್ಪಂದವು ಇಬ್ಬರಿಗೂ ಲಾಭ ತರಬಹುದು. ಒಬ್ಬನು ಬಲವಂತನಾಗಿ ಮತ್ತೊಬ್ಬನು ದುರ್ಬಲನಾಗಿದ್ದರೆ, ಒಪ್ಪಂದವು ಆಜ್ಞೆಯ ರೂಪವನ್ನು ತಾಳುತ್ತದೆ.

ಹದಿನಾರನೆಯ ಶತಮಾನದ ಆರಂಭದಲ್ಲಿ ಭಟ್ಕಳವು ವಿಜಯನಗರ ಸಾಮ್ರಾಜ್ಯದ ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. ಪರ್ಷಿಯಾ ಕೊಲ್ಲಿಯ ಹೊರ್ಮುಜಿನಿಂದ ಅಲ್ಲಿಗೆ ಕುದುರೆಗಳು ಬಂದಿಳಿಯುತ್ತಿದ್ದವು. ಮರಳುವ ಹಡಗುಗಳು ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸುಗಳನ್ನು ತುಂಬಿಕೊಂಡು ಹೋಗುತ್ತಿದ್ದವು. ಆ ಕಾಲದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೊಸನು ಭಟ್ಕಳದ ಈ ವ್ಯಾಪಾರವನ್ನು ವರ್ಣಿಸಿದ್ದಾನೆ. ಕೊಳ್ಳುವವರು ಹಲವರಿದ್ದುದರಿಂದ ಒಬ್ಬನು ಬೆಲೆ ಇಳಿಸಿದರೆ ಮತ್ತೊಬ್ಬನಿಗೆ ಮಾರುವ ಅವಕಾಶವಿತ್ತು.

ಈ ಸ್ಥಿತಿಯನ್ನು ಮುರಿದವರು ಪೋರ್ಚುಗೀಸರು. 1498ರಲ್ಲಿ ಕಲ್ಲಿಕೋಟೆಗೆ ಬಂದಿದ್ದ ವಾಸ್ಕೋ ಡ ಗಾಮನು 1502ರಲ್ಲಿ ಎರಡನೆಯ ಬಾರಿ ಸಶಸ್ತ್ರ ಹಡಗುಗಳೊಡನೆ ಬಂದನು. ಭಟ್ಕಳದ ಅರಸನು ಪ್ರತಿವರ್ಷ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತು. ಮುಂದೆ ಪೋರ್ಚುಗೀಸರು ಕಡಲಿನಲ್ಲಿ ಸಂಚರಿಸುವ ವ್ಯಾಪಾರಿ ಹಡಗುಗಳೆಲ್ಲ ತಮ್ಮಿಂದ ‘ಕಾರ್ತಾಜ್’ ಎಂಬ ರಹದಾರಿಯನ್ನು ಪಡೆಯಬೇಕೆಂದು ವಿಧಿಸಿದರು. ರಹದಾರಿ ಇಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. 1510ರಲ್ಲಿ ಗೋವೆಯನ್ನು ಗೆದ್ದ ಬಳಿಕ ಕುದುರೆಯ ವ್ಯಾಪಾರವನ್ನು ಅಲ್ಲಿಗೆ ತಿರುಗಿಸಿಕೊಂಡರು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜಾನು ಭಟ್ಕಳವನ್ನು ಸುಟ್ಟು ಸೂರೆಮಾಡಿದನು.

1547ರ ಸೆಪ್ಟೆಂಬರಿನಲ್ಲಿ ಗೋವೆಯ ಗವರ್ನರ್ ಜೋವಾ ದೆ ಕಾಸ್ತ್ರೊ ಎಂಬವನಿಗೂ ವಿಜಯನಗರಕ್ಕೂ ಒಂದು ಒಪ್ಪಂದವಾಯಿತು. ಅದರ ಪ್ರಕಾರ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ದೊರೆಯಬೇಕು, ಬಿಜಾಪುರದ ಆದಿಲಶಾಹಿಗೆ ದೊರೆಯಬಾರದು. ಅದಕ್ಕೆ ಪ್ರತಿಯಾಗಿ ವಿಜಯನಗರದ ಸೀಮೆಯ ಕಬ್ಬಿಣ, ಪೆಟ್ಲುಪ್ಪು, ಬಟ್ಟೆಗಳು ಅಂಕೋಲೆ ಮತ್ತು ಹೊನ್ನಾವರದ ಬಂದರುಗಳಿಗೆ ಬರಬೇಕು. ಅಲ್ಲಿ ಪೋರ್ಚುಗೀಸರು ಅವುಗಳನ್ನು ಕೊಳ್ಳುವರು. ಸಾಮ್ರಾಜ್ಯಕ್ಕೆ ಯುದ್ಧದ ಕುದುರೆಗಳು ಬೇಕಾಗಿದ್ದವು. ಆ ದೃಷ್ಟಿಯಿಂದ ಒಪ್ಪಂದವು ಲಾಭದಾಯಕವೇ ಸರಿ. ಆದರೆ ಸರಕನ್ನು ತಯಾರಿಸಿದ ಕಮ್ಮಾರನಿಗೂ ನೇಕಾರನಿಗೂ ಒಬ್ಬನೇ ಗಿರಾಕಿ ಉಳಿದನು. ಗಿರಾಕಿ ಒಬ್ಬನೇ ಆದಾಗ ಬೆಲೆ ಕಟ್ಟುವ ಅಧಿಕಾರ ಮಾರುವವನ ಕೈಯಿಂದ ಜಾರಿ ಕೊಳ್ಳುವವನ ಕೈ ಸೇರುತ್ತದೆ. ಈ ಕರಾರಿನಿಂದ ಕಲಿಯಬೇಕಾದ ಮೊದಲ ಪಾಠ ಇದು.

ಇದೇ ಶತಮಾನದ ಉತ್ತರಾರ್ಧದಲ್ಲಿ ಹೊನ್ನಾವರದಿಂದ ಶರಾವತಿಯ ಗುಂಟ ಮೇಲಕ್ಕಿರುವ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಘಟ್ಟದ ಮೆಣಸು ಅವಳ ನಾಡನ್ನು ಹಾದು ಕಡಲಿಗೆ ಇಳಿಯುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಅವರು 1569ರಲ್ಲಿ ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರೂ ಮೆಣಸು ಬೆಳೆಯುವ ಕಣಿವೆಯು ಅವರ ಕೈ ಸೇರಲಿಲ್ಲ. ಕಡಲಿನ ಮೇಲೆ ಹಿಡಿತವಿದ್ದವನಿಗೂ ಬೆಳೆಯ ಒಡೆಯರೊಡನೆ ಮಾತುಕತೆ ಅನಿವಾರ್ಯವಾಗಿತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯು ಕೆಳದಿಯ ಅರಸರ ಅಧೀನಕ್ಕೆ ಬಂದಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬನು ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಘಟ್ಟವನ್ನೇರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದನು. ಅವನ ಜೊತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಪ್ರಯಾಣದ ವಿವರಗಳನ್ನು ಬರೆದಿಟ್ಟಿದ್ದಾನೆ.

ಮುಂದಿನ ಉದಾಹರಣೆ ಕುಮಟಾದ್ದು. ಇಲ್ಲಿಯ ಸರಕು ಮೆಣಸಲ್ಲ, ಹತ್ತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಪ್ರದೇಶದ ಹತ್ತಿಯು ಎತ್ತುಗಳ ಮೇಲೂ ಗಾಡಿಗಳಲ್ಲಿಯೂ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೂ ಇಂಗ್ಲೆಂಡಿಗೂ ಹೋಗುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಆ ತಳಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಭಾರತದ ಹತ್ತಿಗೆ ಬೇಡಿಕೆ ಹೆಚ್ಚಿ ಬೆಲೆ ಏರಿತು. ಕುಮಟಾ ಬಂದರು ಗಿಜಿಗುಟ್ಟಿತು.

1878ರ ಡಿಸೆಂಬರಿನಲ್ಲಿ ಬ್ರಿಟನ್ನಿಗೂ ಪೋರ್ಚುಗಲ್ಲಿಗೂ ಲಿಸ್ಬನ್ನಿನಲ್ಲಿ ಒಂದು ವಾಣಿಜ್ಯ ಒಪ್ಪಂದವಾಯಿತು. ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಣ ಸುಂಕದ ಗಡಿಯನ್ನು ತೆಗೆಯುವುದು, ಗೋವೆಯ ಮುರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲುಮಾರ್ಗ ಹಾಕುವುದು ಇವು ಅದರ ಮುಖ್ಯ ಅಂಶಗಳು. 1888ರ ವೇಳೆಗೆ ರೈಲು ಹುಬ್ಬಳ್ಳಿಯ ಕಡೆಯಿಂದ ಕ್ಯಾಸಲ್‌ರಾಕ್ ಮಾರ್ಗವಾಗಿ ಕಡಲನ್ನು ತಲುಪಿತು. ಬಯಲುಸೀಮೆಯ ಹತ್ತಿಯು ರೈಲನ್ನು ಏರಿತು. ಕುಮಟಾದ ಹತ್ತಿ ವ್ಯಾಪಾರ ಕ್ಷೀಣಿಸಿತು. ಸುಂಕದ ಒಡಂಬಡಿಕೆಯು 1892ರಲ್ಲಿ ಕೊನೆಗೊಂಡಿತು. ಆದರೆ ರೈಲುಮಾರ್ಗ ಉಳಿಯಿತು, ಕುಮಟಾಕ್ಕೆ ಹಳೆಯ ವ್ಯಾಪಾರ ಮರಳಲಿಲ್ಲ. ಆ ಒಪ್ಪಂದದಲ್ಲಿ ಕುಮಟಾದ ವರ್ತಕರಿಗಾಗಲಿ, ಗಾಡಿಕಾರರಿಗಾಗಲಿ ಮಾತನಾಡುವ ಅವಕಾಶವಿರಲಿಲ್ಲ. ಕರಾರಿನ ಅವಧಿ ಮುಗಿದರೂ ಅದರ ಪರಿಣಾಮ ಮುಗಿಯುವುದಿಲ್ಲವೆಂಬುದು ಎರಡನೆಯ ಪಾಠ.

1947ರಲ್ಲಿ ಭಾರತವು ಸ್ವತಂತ್ರವಾಯಿತು. ಕರಾರುಗಳಿಗೆ ಭಾರತದ ಪರವಾಗಿ ಭಾರತೀಯರೇ ಸಹಿ ಹಾಕುವ ಕಾಲ ಬಂದಿತು. ಅದೇ ವರ್ಷ ರೂಪುಗೊಂಡ ಸುಂಕ ಮತ್ತು ವಾಣಿಜ್ಯದ ಸಾಮಾನ್ಯ ಒಪ್ಪಂದದಲ್ಲಿ, ಅಂದರೆ ಗ್ಯಾಟ್ ಒಪ್ಪಂದದಲ್ಲಿ, ಭಾರತವು ಸ್ಥಾಪಕ ಸದಸ್ಯ ರಾಷ್ಟ್ರವಾಗಿತ್ತು. 1953ರಲ್ಲಿ ಸೋವಿಯತ್ ಒಕ್ಕೂಟದೊಡನೆ ಆದ ಒಪ್ಪಂದದಂತೆ ಆ ದೇಶವು ಭಾರತದ ಸರಕಿಗೆ ರೂಪಾಯಿಯ ಲೆಕ್ಕದಲ್ಲಿಯೇ ಹಣ ಸಲ್ಲಿಸತೊಡಗಿತು. ಮುಂದಿನ ದಶಕಗಳಲ್ಲಿ ಭಾರತದ ಮೆಣಸು, ಗೋಡಂಬಿ, ಚಹಾಗಳಿಗೆ ಅಲ್ಲಿ ದೊಡ್ಡ ಮಾರುಕಟ್ಟೆ ದೊರೆಯಿತು. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ ಆ ಭದ್ರವಾದ ಮಾರುಕಟ್ಟೆಯೂ ಅಲುಗಾಡಿತು. ಒಂದೇ ಆಸರೆಯನ್ನು ನಂಬಿದ ಬಳ್ಳಿಗೆ ಆ ಮರ ಉರುಳಿದರೆ ನೆಲವೇ ಗತಿಯಾಗುತ್ತದೆ. ವ್ಯಾಪಾರಕ್ಕೂ ಈ ಮಾತು ಸಲ್ಲುತ್ತದೆ.

1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಕೃಷಿಯ ಸರಕುಗಳೂ ಅದರ ನಿಯಮಗಳಿಗೆ ಒಳಪಟ್ಟವು. ಇದರೊಡನೆ ಭಾರತವು ನೆರೆಯ ದೇಶಗಳೊಡನೆ ಪ್ರತ್ಯೇಕ ಒಪ್ಪಂದಗಳನ್ನೂ ಮಾಡಿಕೊಂಡಿತು. 1998ರ ಡಿಸೆಂಬರಿನಲ್ಲಿ ಸಹಿಯಾದ ಶ್ರೀಲಂಕಾ ಒಪ್ಪಂದವು 2000ದಲ್ಲಿ ಜಾರಿಗೆ ಬಂದಿತು. 2009ರಲ್ಲಿ ಸಹಿಯಾದ ಆಸಿಯಾನ್ ಒಪ್ಪಂದವು 2010ರ ಜನವರಿಯಿಂದ ಅನ್ವಯಿಸಿತು. ಆಸಿಯಾನ್ ಎಂಬುದು ವಿಯೆಟ್ನಾಂ, ಇಂಡೊನೇಷ್ಯಾ, ಮಲೇಷ್ಯಾ ಮೊದಲಾದ ಆಗ್ನೇಯ ಏಷ್ಯಾದ ರಾಷ್ಟ್ರಗಳ ಕೂಟ. ಇವುಗಳಲ್ಲಿ ವಿಯೆಟ್ನಾಂ ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸನ್ನು ಬೆಳೆದು ರಫ್ತು ಮಾಡುವ ದೇಶ.

ಈ ಕರಾರುಗಳ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ವಿದೇಶದ ಮೆಣಸು ಕಿಲೋಗ್ರಾಮಿಗೆ 300 ರೂಪಾಯಿಯಂತೆ ಭಾರತದ ಬಂದರಿಗೆ ಬಂದಿತೆಂದು ಭಾವಿಸೋಣ. ಶೇಕಡಾ 70ರಷ್ಟು ಸುಂಕವಿದ್ದರೆ ಅದರ ಬೆಲೆ 510 ರೂಪಾಯಿ ಆಗುತ್ತದೆ. ಆಸಿಯಾನ್ ಒಪ್ಪಂದದಂತೆ ಮೆಣಸಿನ ಸುಂಕವು ಹಂತಹಂತವಾಗಿ ಶೇಕಡಾ 50ಕ್ಕೆ ಇಳಿಯಬೇಕಾಗಿತ್ತು; ಆಗ ಬೆಲೆ 450 ರೂಪಾಯಿ. ಶ್ರೀಲಂಕಾ ಒಪ್ಪಂದದಡಿಯಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲವೆಂದು ಗೊತ್ತುಪಡಿಸಲಾಯಿತು. ಆ ಕಾಳಿನ ಬೆಲೆ 300 ರೂಪಾಯಿಯೇ. ಕಾಳು ಅದೇ, ಖಾರವೂ ಅದೇ. ಆದರೆ ಯಾವ ಕರಾರಿನ ಬಾಗಿಲಿನಿಂದ ಬಂದಿತೆಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ಹೊನ್ನಾವರದ ಬೆಳೆಗಾರನು ಈ ಮೂರು ಬೆಲೆಗಳೊಡನೆಯೂ ಸ್ಪರ್ಧಿಸಬೇಕಾಗುತ್ತದೆ.

ಸುಂಕ ಕಡಿಮೆಯಾದ ಬಾಗಿಲನ್ನು ಅನ್ಯರು ದುರುಪಯೋಗ ಮಾಡಿಕೊಳ್ಳದಿರಲೆಂದು ಕರಾರುಗಳಲ್ಲಿ ‘ಮೂಲದ ನಿಯಮ’ ಎಂಬುದನ್ನು ಸೇರಿಸಿರುತ್ತಾರೆ. ಶ್ರೀಲಂಕಾಕ್ಕೆ ಕೊಟ್ಟ ರಿಯಾಯಿತಿಯು ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ ಮಾತ್ರ ಸಲ್ಲಬೇಕು. ಆದರೆ ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ದಾರಿಯಾಗಿ ಬರುತ್ತಿದೆಯೆಂದು ಬೆಳೆಗಾರರ ಸಂಘಗಳು ದೂರಿದವು. ಕೆಲವು ವರ್ಷಗಳ ಹಿಂದೆ ಕಿಲೋಗ್ರಾಮಿಗೆ 600 ರೂಪಾಯಿಗೂ ಮೇಲಿದ್ದ ಬೆಲೆ ಕುಸಿಯತೊಡಗಿದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿಮಾಡಿತು. ಆದರೂ 2018ರಲ್ಲಿ ಬೆಲೆ 400 ರೂಪಾಯಿಗಿಂತ ಕೆಳಗಿಳಿಯಿತು. ಮೆಣಸಿನ ಬಳ್ಳಿ ನೆಟ್ಟ ಮೂರು ನಾಲ್ಕು ವರ್ಷಗಳ ಅನಂತರ ಫಲ ಕೊಡತೊಡಗುತ್ತದೆ. ಏರಿದ ಬೆಲೆಯನ್ನು ಕಂಡು ಸಾಲ ಮಾಡಿ ಬಳ್ಳಿ ನೆಟ್ಟವನು ಮೊದಲ ಕೊಯ್ಲನ್ನು ಇಳಿದ ಬೆಲೆಗೆ ಮಾರಬೇಕಾಗಿ ಬಂದರೆ ಅವನ ಕಷ್ಟ ಊಹಿಸಬಹುದಾದುದೇ.

ಹಾಗಾದರೆ ಹೊರಗಿನ ಮೆಣಸನ್ನು ಪೂರ್ತಿ ತಡೆದುಬಿಟ್ಟರೆ ಆಗದೆ? ಪ್ರಶ್ನೆ ಅಷ್ಟು ಸುಲಭವಲ್ಲ. ಮೆಣಸಿನಿಂದ ತೈಲವನ್ನೂ ಸತ್ತ್ವವನ್ನೂ ತೆಗೆದು ರಫ್ತು ಮಾಡುವ ಕಾರ್ಖಾನೆಗಳು ಭಾರತದಲ್ಲಿವೆ. ಅವುಗಳಿಗೆ ಅಗ್ಗದ ಕಾಳು ಬೇಕು. ಅದು ದೊರೆಯದಿದ್ದರೆ ಅವು ಜಗತ್ತಿನ ಮಾರುಕಟ್ಟೆಯಲ್ಲಿ ಸೋಲುತ್ತವೆ, ಅಲ್ಲಿಯ ಕೆಲಸಗಾರರು ಉದ್ಯೋಗ ಕಳೆದುಕೊಳ್ಳುತ್ತಾರೆ. ಅಲ್ಲದೆ ಒಂದು ದೇಶವು ಬಾಗಿಲು ಮುಚ್ಚಿದರೆ ಇತರ ದೇಶಗಳೂ ಅದರ ಸರಕಿಗೆ ಬಾಗಿಲು ಮುಚ್ಚಬಹುದು. ಆಗ ಹೊರನಾಡಿನ ಮಾರುಕಟ್ಟೆಯನ್ನು ನಂಬಿದ ಇತರ ಬೆಳೆಗಾರರಿಗೂ ಕರಾವಳಿಯ ಮೀನುಗಾರರಿಗೂ ಹಾನಿಯಾಗುತ್ತದೆ. ಒಬ್ಬನಿಗೆ ನೆರಳಾದ ಕರಾರು ಮತ್ತೊಬ್ಬನಿಗೆ ಬಿಸಿಲಾಗುವುದೇ ವಾಣಿಜ್ಯ ನೀತಿಯ ತೊಡಕು.

ಇಂದಿನ ಕರಾರುಗಳಲ್ಲಿ ಸುಂಕದಷ್ಟೇ ಮಹತ್ತ್ವದ ಮತ್ತೊಂದು ಅಂಶ ಗುಣಮಟ್ಟ. ವಿಶ್ವ ವಾಣಿಜ್ಯ ಸಂಸ್ಥೆಯ ನಿಯಮಗಳಂತೆ ಯಾವುದೇ ದೇಶವು ತನ್ನ ಪ್ರಜೆಗಳ ಆರೋಗ್ಯದ ರಕ್ಷಣೆಗಾಗಿ ಆಹಾರಪದಾರ್ಥಗಳನ್ನು ಪರೀಕ್ಷಿಸಬಹುದು. ಆದರೆ ಆ ಪರೀಕ್ಷೆಗೆ ವೈಜ್ಞಾನಿಕ ಆಧಾರವಿರಬೇಕು. ಕಾಳಿನಲ್ಲಿ ಕೀಟನಾಶಕದ ಅಂಶ ಉಳಿದಿದ್ದರೆ, ಇಲ್ಲವೆ ಸರಿಯಾಗಿ ಒಣಗದೆ ಬೂಷ್ಟು ಹಿಡಿದಿದ್ದರೆ ಹೊರನಾಡಿನ ಬಂದರಿನಿಂದ ಸರಕು ಹಿಂದಿರುಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನಕಗಳನ್ನು ರೂಪಿಸುವ ಕೊಡೆಕ್ಸ್ ಆಯೋಗವು 2013ರಲ್ಲಿ ಸಾಂಬಾರ ಪದಾರ್ಥಗಳಿಗಾಗಿ ಒಂದು ಸಮಿತಿಯನ್ನು ನೇಮಿಸಿತು. ಅದರ ಆತಿಥ್ಯವನ್ನು ಭಾರತವೇ ವಹಿಸಿತು. 2017ರಲ್ಲಿ ಕರಿಮೆಣಸಿನ ಮಾನಕವು ಅಂಗೀಕೃತವಾಯಿತು. ಹೀಗೆ ಅಂಗಳದ ಚಾಪೆಯ ಮೇಲೆ ಕಾಳು ಎಷ್ಟು ಶುಚಿಯಾಗಿ ಒಣಗಿತೆಂಬುದೂ ಅಂತರರಾಷ್ಟ್ರೀಯ ವಿಷಯವಾಗಿದೆ.

ವಾಸ್ಕೋ ಡ ಗಾಮನ ಕಾಲದ ಕರಾರನ್ನು ಫಿರಂಗಿ ಬರೆಯಿತು. 1878ರ ಕರಾರನ್ನು ಪರಕೀಯರಿಬ್ಬರು ಬರೆದುಕೊಂಡರು. ಇಂದಿನ ಕರಾರನ್ನು ಪ್ರಜೆಗಳು ಆರಿಸಿದ ಸರಕಾರವು ಬರೆಯುತ್ತದೆ. ಈ ವ್ಯತ್ಯಾಸವು ಸಾಮಾನ್ಯವಾದುದಲ್ಲ. ಆದರೆ ಅದು ಸಾರ್ಥಕವಾಗಬೇಕಾದರೆ ಸಹಿ ಬೀಳುವ ಮೊದಲೇ ಬೆಳೆಗಾರನ ಮಾತು ಮಾತುಕತೆಯ ಮೇಜನ್ನು ತಲುಪಬೇಕು. ಅದಕ್ಕೆ ಬೆಳೆಗಾರರ ಸಹಕಾರ ಸಂಘಗಳು ಬಲಗೊಳ್ಳಬೇಕು. ಕರಾರಿನ ಷರತ್ತುಗಳು ಜನರ ಭಾಷೆಯಲ್ಲಿ ಜನರಿಗೆ ತಿಳಿಯಬೇಕು. ಸುಂಕ, ಪ್ರಮಾಣ, ಮೂಲ, ಗುಣಮಟ್ಟ ಎಂಬ ನಾಲ್ಕು ಮಾತುಗಳ ಅರ್ಥವನ್ನು ಓದುಬರಹ ಬಲ್ಲ ಪ್ರತಿಯೊಬ್ಬನೂ ಅರಿತಿರಬೇಕು. ಮಳೆಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಕರಾರು ಮಾತ್ರ ಮನುಷ್ಯರೇ ಬರೆದದ್ದು. ಅದನ್ನು ಓದಲೂ ಪ್ರಶ್ನಿಸಲೂ ತಿದ್ದಲೂ ಅವರಿಂದ ಸಾಧ್ಯವಿದೆ.