ಅಲರ್ಕವಿಷ ಮತ್ತು ಬೆಳಗುವ ಪ್ರತಿಕಾಯ

ಹುಚ್ಚು ಹಿಡಿದ ನಾಯಿಗೆ ಸಂಸ್ಕೃತದಲ್ಲಿ ‘ಅಲರ್ಕ’ವೆಂದು ಹೆಸರು. ಅಂತಹ ನಾಯಿಯ ಕಡಿತವನ್ನೂ, ಕಡಿತಕ್ಕೊಳಗಾದವನು ನೀರಿಗೆ ಬೆದರುವ ‘ಜಲತ್ರಾಸ’ವನ್ನೂ ಸುಶ್ರುತಸಂಹಿತೆಯ ಕಲ್ಪಸ್ಥಾನವು ವಿವರಿಸುತ್ತದೆ. ಆ ಲಕ್ಷಣವು ತಲೆದೋರಿದ ಬಳಿಕ ಬದುಕಿ ಉಳಿದವರು ಇಂದಿಗೂ ಬೆರಳೆಣಿಕೆಯಷ್ಟೆ. ಲಸಿಕೆಯಿಂದ ರೋಗವನ್ನು ತಡೆಯಬಹುದೇ ಹೊರತು, ಬಂದುದನ್ನು ಗುಣಪಡಿಸುವ ಔಷಧವಿಲ್ಲ. ಆದುದರಿಂದ ಕಚ್ಚಿ ಸತ್ತ ನಾಯಿಗೆ ರೇಬೀಸ್ ಇದ್ದಿತೇ ಎಂಬ ಪ್ರಶ್ನೆ ಒಂದು ಕುಟುಂಬದ ಪಾಲಿಗೆ ಸಾಮಾನ್ಯವಾದುದಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿಶಾಸ್ತ್ರ ವಿಭಾಗದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ರೇಬೀಸ್ ಪತ್ತೆ ಪ್ರಯೋಗಾಲಯವಿದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಇದನ್ನು ಈ ರೋಗದ ಪರಾಮರ್ಶನ ಪ್ರಯೋಗಾಲಯವೆಂದು ಮಾನ್ಯ ಮಾಡಿದೆ.

ಹಿಂದೆ ಅನುಸರಿಸುತ್ತಿದ್ದ ಕ್ರಮ ಬೇರೆ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಎಂಬಾತನು ರೋಗಪೀಡಿತ ಪ್ರಾಣಿಯ ಮಿದುಳಿನ ಕೋಶಗಳಲ್ಲಿ ವಿಶಿಷ್ಟವಾದ ಕಣಗಳನ್ನು ಕಂಡನು. ಮಿದುಳಿಗೆ ಬಣ್ಣವೇರಿಸಿ ಆ ಕಣಗಳನ್ನು ಹುಡುಕುವುದೇ ಬಹುಕಾಲ ಪರೀಕ್ಷೆಯಾಗಿತ್ತು. ಆದರೆ ರೋಗವಿದ್ದೂ ಕಣಗಳು ಕಾಣಿಸದ ಮಿದುಳುಗಳು ಕಡಿಮೆಯೇನಲ್ಲ. ‘ಇಲ್ಲ’ ಎಂಬ ಉತ್ತರವನ್ನು ನಂಬುವಂತಿರಲಿಲ್ಲ, ಪ್ರಾಣಾಪಾಯವಿದ್ದುದು ಅಲ್ಲಿಯೇ.

ಪರಿಹಾರವು ದೊರೆತುದು ಬೇರೊಂದು ದಾರಿಯಿಂದ. ದೇಹವನ್ನು ಹೊಕ್ಕ ರೋಗಾಣುವಿಗೆ ಪ್ರತಿಯಾಗಿ ರಕ್ತದಲ್ಲಿ ಹುಟ್ಟುವ ಪ್ರೋಟೀನೇ ಪ್ರತಿಕಾಯ. ಬೀಗಕ್ಕೆ ಅದರದೇ ಕೀಲಿಯು ಕೂಡುವಂತೆ ಇದು ತನ್ನ ರೋಗಾಣುವಿಗೆ ಮಾತ್ರ ಅಂಟುತ್ತದೆ. ಈ ಅಂಟುವಿಕೆಯನ್ನು ಕಣ್ಣಿಗೆ ಕಾಣಿಸಬೇಕೆಂದು ಹೊರಟವನು ಅಮೆರಿಕದ ಆಲ್ಬರ್ಟ್ ಕೂನ್ಸ್. 1941ರಲ್ಲಿ ಅವನೂ ಸಂಗಡಿಗರೂ ಪ್ರತಿಕಾಯಕ್ಕೆ ನೀಲಿಯಾಗಿ ಹೊಳೆಯುವ ಬಣ್ಣವೊಂದನ್ನು ಬೆಸೆದರು. ಅಂಗಾಂಶಗಳಿಗೆ ಸಹಜವಾಗಿಯೇ ನೀಲಿ ಹೊಳಪುಂಟಾದ್ದರಿಂದ ಗೊಂದಲವಾಯಿತು. ಹಸಿರಾಗಿ ಬೆಳಗುವ ಫ್ಲೋರೆಸೀನನ್ನು ಆಶ್ರಯಿಸಿದರು. ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಎಂಬವರು ಈ ವಿಧಾನವನ್ನು ರೇಬೀಸಿಗೆ ಅಳವಡಿಸಿದ್ದು 1958ರಲ್ಲಿ, ಹೆಬ್ಬಾಳದ ಕಾಲೇಜು ಹುಟ್ಟಿದ ವರ್ಷದಲ್ಲಿಯೇ.

ಪರೀಕ್ಷೆಯ ಕ್ರಮ ಹೀಗೆ: ಸತ್ತ ಪ್ರಾಣಿಯ ಮಿದುಳಬುಡ ಮತ್ತು ಕಿರುಮಿದುಳಿನ ತುಣುಕುಗಳನ್ನು ಗಾಜಿನ ಪಟ್ಟಿಗೆ ಒತ್ತಿ, ಅತಿಶೀತಲವಾದ ಅಸಿಟೋನಿನಲ್ಲಿ ಸ್ಥಿರಗೊಳಿಸುತ್ತಾರೆ. ಬಣ್ಣ ಬೆಸೆದ ಪ್ರತಿಕಾಯವನ್ನು ಮೇಲೆ ಹರಡಿ, ದೇಹೋಷ್ಣಕ್ಕೆ ಸಮಾನವಾದ 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಟ್ಟು, ಅಂಟದೆ ಉಳಿದುದನ್ನು ತೊಳೆಯುತ್ತಾರೆ. ತೊಳೆಯುವುದು ಅಲ್ಪವೆಂದು ತೋರಿದರೂ ಪರೀಕ್ಷೆಯ ಸತ್ಯವೆಲ್ಲ ಅದರಲ್ಲಿದೆ. ಬಳಿಕ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕನ್ನು ಹಾಯಿಸಿದಾಗ, ವೈರಾಣುವಿದ್ದೆಡೆ ಕತ್ತಲ ನಡುವೆ ಎಳೆಯ ಸೇಬಿನ ಹಸಿರು ಬೆಳಗುತ್ತದೆ. ರೋಗವುಳ್ಳ ಮತ್ತು ರೋಗವಿಲ್ಲದ ಮಿದುಳುಗಳ ಪಟ್ಟಿಗಳನ್ನೂ ಜೊತೆಗಿಟ್ಟು ತಾಳೆ ನೋಡದೆ ತೀರ್ಮಾನ ಹೇಳುವುದಿಲ್ಲ. ಎಲ್ಲವೂ ಕೆಲವೇ ಗಂಟೆಗಳ ಕೆಲಸ.

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಾಣುವಿನ ಸಂಶೋಧನೆಯಲ್ಲಿಯೂ ಇಂತಹ ಪ್ರತಿಕಾಯಗಳು ಬಳಕೆಯಲ್ಲಿವೆ. ಆದರೆ ಕ್ಯಾನ್ಸರಾಗಿ ಮಾರ್ಪಟ್ಟ ಕೋಶದಲ್ಲಿ ಆ ವೈರಾಣುವಿನ ಹೊರಕವಚದ ಪ್ರೋಟೀನು ಸಾಮಾನ್ಯವಾಗಿ ಉತ್ಪತ್ತಿಯಾಗದು. ಕವಚವನ್ನು ಹುಡುಕುವ ಪ್ರತಿಕಾಯಕ್ಕೆ ಹಿಡಿಯಲು ಏನೂ ಸಿಗದು. ಆದಕಾರಣ ರೋಗಿಗಳ ತಪಾಸಣೆಯಲ್ಲಿ ವೈರಾಣುವಿನ ಡಿಎನ್ಎಯನ್ನೇ ಅರಸುತ್ತಾರೆ. ರೇಬೀಸಿನಲ್ಲಿ ಈ ತೊಡಕಿಲ್ಲ. ಪ್ರಾಣಿಯು ಸಾಯುವ ವೇಳೆಗೆ ಮಿದುಳಿನಲ್ಲಿ ವೈರಾಣು ಹೇರಳವಾಗಿರುತ್ತದೆ.

ಇಲ್ಲಿನ ತೊಡಕು ಬಿಸಿಲಿನದು. ಮಿದುಳು ಕೊಳೆತರೆ ಹಸಿರು ಕಾಣಿಸದಿದ್ದುದನ್ನು ರೋಗವಿಲ್ಲವೆಂದು ತಿಳಿಯಲಾಗದು. ದೂರದ ಹಳ್ಳಿಯಿಂದ ಕಳುಹಿಸುವವರು ಮಾದರಿಯನ್ನು ಸೋರದಂತೆ ಕಟ್ಟಿ ಮಂಜುಗಡ್ಡೆಯಲ್ಲಿಡಬೇಕು. ತಲೆಯನ್ನು ಬಿಚ್ಚುವ ಕೆಲಸ ತರಬೇತಿ ಪಡೆದ ಪಶುವೈದ್ಯರದೇ. ಕಡಿತಕ್ಕೊಳಗಾದವರಂತೂ ಫಲಿತಾಂಶಕ್ಕಾಗಿ ಕಾಯತಕ್ಕುದಲ್ಲ: ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು.